ಅಳಿಸಿದರೂ ಬದಲಾಗದ ಸಾಲುಗಳು

2026ರ ಜನವರಿಯಲ್ಲಿ ಒಂದು ಸಂಶೋಧನಾ ಪ್ರಬಂಧ ಬಂತು. ಹತ್ತು ರೆಪೊಸಿಟರಿಗಳಿಂದ 124 ಪುಲ್ ರಿಕ್ವೆಸ್ಟ್‌ಗಳನ್ನು ಆರಿಸಿ, ಅದೇ ಕೆಲಸವನ್ನು ಎಐ ಕೋಡಿಂಗ್ ಏಜೆಂಟಿಗೆ ಎರಡು ಬಗೆಯಲ್ಲಿ ಕೊಟ್ಟಿದ್ದರು: ಒಮ್ಮೆ ‘ಏಜೆಂಟ್ಸ್.ಎಂಡಿ’ ಎಂಬ ಸೂಚನೆಗಳ ಫೈಲನ್ನು ಇಟ್ಟು, ಇನ್ನೊಮ್ಮೆ ತೆಗೆದು. ಫೈಲು ಇದ್ದಾಗ ಕೆಲಸಕ್ಕೆ ಹಿಡಿಯುವ ಸಮಯ ಮಧ್ಯಕದ ಲೆಕ್ಕದಲ್ಲಿ ಶೇ. 28ಕ್ಕೂ ಹೆಚ್ಚು ಇಳಿಯಿತು. ಏಜೆಂಟ್ ಬರೆಯುವ ಟೋಕನ್‌ಗಳೂ ಶೇ. 16ರಷ್ಟು ಕಡಿಮೆಯಾದವು. ಮರುತಿಂಗಳೇ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರ ಪ್ರಬಂಧ ಬಂದು, ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧವಾದದ್ದನ್ನು ಹೇಳಿತು: ಇಂಥ ಫೈಲುಗಳಿಂದ ಖರ್ಚು ಶೇ. 20ಕ್ಕೂ ಹೆಚ್ಚು ಏರುತ್ತದೆ, ಕೆಲಸ ಸರಿಯಾಗಿ ಮುಗಿಯುವ ಪ್ರಮಾಣ ಏರುವ ಬದಲು ಸಾಮಾನ್ಯವಾಗಿ ಇಳಿಯುತ್ತದೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರು ವೇಗವನ್ನು ಅಳೆದರು, ಎರಡನೆಯವರು ಖರ್ಚಿನ ಜೊತೆಗೆ ಉತ್ತರ ಸರಿಯೇ ಎಂಬುದನ್ನೂ ಅಳೆದರು. ಆರಿಸಿಕೊಂಡ ರೆಪೊಗಳು ಬೇರೆ, ಕೆಲಸಗಳು ಬೇರೆ, ಫೈಲುಗಳನ್ನು ಬರೆದವರೂ ಬೇರೆ. ಆದರೆ ಇವೆರಡನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಒಂದು ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ. ಲಕ್ಷಾಂತರ ಎಂಜಿನಿಯರುಗಳು ಇವತ್ತು ಪ್ರೋಗ್ರಾಂ ಬರೆಯುವುದರ ಜೊತೆಗೆ, ಪ್ರೋಗ್ರಾಂ ಬರೆಯುವ ಯಂತ್ರಕ್ಕೆ ಸೂಚನೆಗಳನ್ನೂ ಬರೆಯುತ್ತಿದ್ದಾರೆ. ಆ ಬರಹ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವುದು ಯಾರು, ಯಾವ ಅಳತೆಗೋಲಿನಿಂದ?

ಈ ಫೈಲುಗಳ ಚರಿತ್ರೆ ಚಿಕ್ಕದು. ಕರ್ಸರ್ ಎಂಬ ಎಡಿಟರ್ ತನ್ನದೇ ‘ಕರ್ಸರ್ ರೂಲ್ಸ್’ ತಂದಿತು. ಗಿಟ್‌ಹಬ್ ಕೋಪೈಲಟ್‌ಗೆ ಬೇರೊಂದು ಫೈಲು. 2025ರ ಫೆಬ್ರುವರಿಯಲ್ಲಿ ಬಂದ ಆಂತ್ರೊಪಿಕ್ ಕಂಪನಿಯ ಕ್ಲಾಡ್ ಕೋಡ್‌ಗೆ ‘ಕ್ಲಾಡ್.ಎಂಡಿ’. ಒಂದೇ ಮಾತನ್ನು ನಾಲ್ಕು ಹೆಸರಿನ ಫೈಲುಗಳಲ್ಲಿ ಬರೆಯುವ ಗೋಳು ಸಾಕೆನಿಸಿ, ಅದೇ ವರ್ಷ ಏಜೆಂಟ್ಸ್.ಎಂಡಿ ಎಂಬ ಸಾಮಾನ್ಯ ಹೆಸರು ಹುಟ್ಟಿತು. ಡಿಸೆಂಬರಿನಲ್ಲಿ ಅದನ್ನು ಲಿನಕ್ಸ್ ಫೌಂಡೇಶನ್ನಿನ ಅಡಿಯಲ್ಲಿ ಹೊಸದಾಗಿ ರಚಿಸಿದ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಲಾಯಿತು. ಈ ನಡುವೆ ಅಕ್ಟೋಬರಿನಲ್ಲಿ ಆಂತ್ರೊಪಿಕ್ ‘ಸ್ಕಿಲ್’ ಎಂಬ ಇನ್ನೊಂದು ರೂಪವನ್ನು ತಂದಿತ್ತು. ಇಲ್ಲಿ ಏಜೆಂಟಿಗೆ ಮೊದಲು ಕಾಣುವುದು ಸ್ಕಿಲ್‌ನ ಹೆಸರು ಮತ್ತು ಒಂದೆರಡು ಸಾಲಿನ ವಿವರಣೆ ಮಾತ್ರ. ಬೇಕೆನಿಸಿದಾಗ ಅದೇ ಹೋಗಿ ಪೂರ್ತಿ ಓದಿಕೊಳ್ಳಬೇಕು. ಏಜೆಂಟ್ಸ್.ಎಂಡಿ ಹಾಗಲ್ಲ, ಸದಾ ಕಣ್ಣ ಮುಂದೆಯೇ ಇರುತ್ತದೆ. ಈ ಒಂದು ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ.

ಇವುಗಳಲ್ಲಿ ಜನ ಏನು ಬರೆಯುತ್ತಾರೆ ಎಂಬುದಕ್ಕೆ 2025ರ ನವೆಂಬರಿನಲ್ಲಿ ಪ್ರಕಟವಾದ ಅಧ್ಯಯನವೊಂದು ಒಳ್ಳೆಯ ಚಿತ್ರ ಕೊಡುತ್ತದೆ. ಅದು 1,925 ರೆಪೊಗಳ 2,303 ಫೈಲುಗಳನ್ನು ಓದಿತು. ಬಿಲ್ಡ್ ಮಾಡುವ, ಓಡಿಸುವ ಕಮಾಂಡುಗಳು ಶೇ. 62ರಷ್ಟು ಫೈಲುಗಳಲ್ಲಿವೆ, ಒಟ್ಟು ರಚನೆಯ ವಿವರಣೆ ಶೇ. 67ಕ್ಕೂ ಹೆಚ್ಚಿನವುಗಳಲ್ಲಿ, ಕೋಡನ್ನು ಹೇಗೆ ಬರೆಯಬೇಕೆಂಬ ವಿವರ ಸುಮಾರು ಶೇ. 70ರಲ್ಲಿ. ಭದ್ರತೆಯ ಬಗ್ಗೆ ಒಂದು ಮಾತಾದರೂ ಇರುವುದು ಶೇ. 14.5ರಲ್ಲಿ ಮಾತ್ರ, ಕಾರ್ಯಕ್ಷಮತೆಯ ಬಗ್ಗೆಯೂ ಅಷ್ಟೇ. ಇನ್ನೊಂದು ಗಮನಾರ್ಹ ಅಂಶ: ಈ ಫೈಲುಗಳು ದಾಖಲೆಗಳಂತೆ ಒಮ್ಮೆ ಬರೆದು ಮರೆತವಲ್ಲ. ಕಾನ್ಫಿಗರೇಶನ್ ಫೈಲಿನಂತೆ ಆಗಾಗ ಸಣ್ಣಸಣ್ಣದಾಗಿ ಬೆಳೆಯುತ್ತಲೇ ಇರುತ್ತವೆ. ಬೆಳೆಯುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಏಜೆಂಟ್ ಒಂದು ದಿನ ಏನೋ ಎಡವಟ್ಟು ಮಾಡುತ್ತದೆ, ಯಾರೋ ಸಿಟ್ಟಿನಲ್ಲಿ ‘ಇನ್ನು ಮುಂದೆ ಹೀಗೆ ಮಾಡಬೇಡ’ ಎಂದು ಒಂದು ಸಾಲು ಸೇರಿಸುತ್ತಾರೆ. ಸೇರಿಸುವವರಿಗೆ ಕಾರಣವಿರುತ್ತದೆ. ಆರು ತಿಂಗಳ ನಂತರ ಅದನ್ನು ತೆಗೆಯಲು ಹೊರಟವರಿಗೆ ಆ ಕಾರಣ ಗೊತ್ತಿರುವುದಿಲ್ಲ, ಹಾಗಾಗಿ ಧೈರ್ಯವೂ ಇರುವುದಿಲ್ಲ.

ಇಂಥ ಬರಹದ ಗುಣಮಟ್ಟ ಅಳೆಯಲು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಓದಿ ನೋಡುವುದು. ಸ್ಪಷ್ಟವಾಗಿದೆಯೇ, ಎರಡರ್ಥಕ್ಕೆ ಎಡೆಯಿದೆಯೇ, ಒಂದು ಸಾಲು ಇನ್ನೊಂದಕ್ಕೆ ಎದುರಾಡುತ್ತದೆಯೇ? ಈ ದಾರಿ ಎಐಗಿಂತ ಬಹಳ ಹಳೆಯದು. ಸಾಫ್ಟ್‌ವೇರ್ ಅಗತ್ಯಗಳನ್ನು ಬರೆಯುವ ಬಗೆಗೆ ಐಇಇಇ 1984ರಲ್ಲಿ ತಂದ, 1998ರಲ್ಲಿ ಪರಿಷ್ಕರಿಸಿದ 830ನೆಯ ಶಿಫಾರಸು ಒಳ್ಳೆಯ ಬರಹದ ಲಕ್ಷಣಗಳನ್ನು ಪಟ್ಟಿ ಮಾಡಿತ್ತು: ಸಂದಿಗ್ಧವಾಗಿರಬಾರದು, ಪೂರ್ಣವಾಗಿರಬೇಕು, ಪರೀಕ್ಷಿಸಿ ನೋಡುವಂತಿರಬೇಕು, ಹೀಗೆ. ಇಂಟರ್ನೆಟ್ ಮಾನದಂಡಗಳನ್ನು ಬರೆಯುವವರು 1997ರ ಮಾರ್ಚಿನಲ್ಲಿ ‘ಮಾಡಲೇಬೇಕು’, ‘ಮಾಡಿದರೆ ಒಳ್ಳೆಯದು’, ‘ಮಾಡಬಹುದು’ ಎಂಬ ಮೂರರ ನಡುವೆ ಗೆರೆ ಎಳೆದು ಆರ್‌ಎಫ್‌ಸಿ 2119ರಲ್ಲಿ ಅಚ್ಚುಹಾಕಿದರು. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ತೊಂಬತ್ತರ ದಶಕದಲ್ಲೇ ಒಂದು ಸಾಧನ ಮಾಡಿದ್ದರು. ಅದು ಅಗತ್ಯಗಳ ದಸ್ತಾವೇಜನ್ನು ಓದಿ, ಎಷ್ಟು ಕಡೆ ಖಚಿತ ವಿಧಿವಾಕ್ಯಗಳಿವೆ, ಎಷ್ಟು ಕಡೆ ‘ಸೂಕ್ತವಾದಂತೆ’, ‘ಸಾಧ್ಯವಿದ್ದರೆ’, ‘ಸಾಕಷ್ಟು’ ಎಂಬ ಜಾರುಮಾತುಗಳಿವೆ ಎಂದು ಎಣಿಸಿ ಕೊಡುತ್ತಿತ್ತು. ಇವತ್ತಿನ ಬಹುತೇಕ ಏಜೆಂಟ್ ಫೈಲುಗಳನ್ನು ಆ ಸಾಧನಕ್ಕೆ ಕೊಟ್ಟರೆ ಕೆಂಪು ಗುರುತುಗಳ ಜಾತ್ರೆಯೇ ಆದೀತು. ‘ಸ್ವಚ್ಛವಾದ ಕೋಡ್ ಬರೆ’, ‘ಉತ್ತಮ ಪದ್ಧತಿಗಳನ್ನು ಅನುಸರಿಸು’ ಎಂಬಂಥ ಸಾಲುಗಳಿಗೆ ಅಲ್ಲಿ ಬರವಿಲ್ಲ.

ಗಿಟ್‌ಹಬ್ ಕೂಡ 2025ರ ಕೊನೆಯಲ್ಲಿ 2,500ಕ್ಕೂ ಹೆಚ್ಚು ಫೈಲುಗಳನ್ನು ನೋಡಿ ಸಲಹೆಗಳನ್ನು ಕೊಟ್ಟಿತು. ಕಮಾಂಡುಗಳನ್ನು ಮೊದಲೇ ಬರೆಯಿರಿ. ವಿವರಣೆಗಿಂತ ಒಂದು ಮಾದರಿ ಕೋಡ್ ಮೇಲು. ಯಾವುದನ್ನು ಸದಾ ಮಾಡಬೇಕು, ಯಾವುದಕ್ಕೆ ಮೊದಲು ಕೇಳಬೇಕು, ಯಾವುದನ್ನು ಎಂದಿಗೂ ಮಾಡಬಾರದು ಎಂದು ಬೇರ್ಪಡಿಸಿ. ಎಲ್ಲವೂ ವಿವೇಕದ ಮಾತುಗಳೇ. ಆದರೆ ಇವು ಫೈಲುಗಳನ್ನು ಓದಿ ಕಂಡುಕೊಂಡವು. ಇವನ್ನು ಪಾಲಿಸಿದ ಫೈಲಿನಿಂದ ಏಜೆಂಟಿನ ಕೆಲಸ ಎಷ್ಟು ಸುಧಾರಿಸಿತು ಎಂಬುದಕ್ಕೆ ಓದು ಉತ್ತರ ಕೊಡಲಾರದು.

ಓದುವ ಕೆಲಸವನ್ನು ಇನ್ನೊಂದು ಎಐ ಮಾಡೆಲಿಗೇ ಒಪ್ಪಿಸಿ, ‘ಈ ಸೂಚನೆಗಳಿಗೆ ಹತ್ತಕ್ಕೆ ಎಷ್ಟು ಅಂಕ’ ಎಂದು ಕೇಳುವ ಪದ್ಧತಿ ಈಗ ಬಲು ಜನಪ್ರಿಯ. ಅಗ್ಗ, ಬೇಗ, ನೋಡಲು ಶಾಸ್ತ್ರೀಯವಾಗಿಯೂ ಕಾಣುತ್ತದೆ. ಮಾಡೆಲನ್ನು ತೀರ್ಪುಗಾರನಾಗಿ ಕೂರಿಸುವುದರ ಇತಿಮಿತಿಗಳನ್ನು ಬರ್ಕಲಿ ಮತ್ತಿತರ ಕಡೆಯ ಸಂಶೋಧಕರು 2023ರಲ್ಲೇ ತೋರಿಸಿದ್ದರು. ಮನುಷ್ಯರ ತೀರ್ಪಿನೊಂದಿಗೆ ಜಿಪಿಟಿ-4 ಶೇ. 80ಕ್ಕೂ ಹೆಚ್ಚು ಸಲ ಹೊಂದಿಕೊಂಡಿತು, ನಿಜ. ಆದರೆ ಮೊದಲು ತೋರಿಸಿದ ಉತ್ತರದ ಕಡೆಗೆ ಒಲವು, ಉದ್ದುದ್ದ ಉತ್ತರದ ಕಡೆಗೆ ಒಲವು ಅದರಲ್ಲಿ ಕಂಡವು, ತನ್ನದೇ ಉತ್ತರಗಳ ಕಡೆಗೆ ಒಲವಿನ ಸುಳಿವೂ ಇತ್ತು. ಸೂಚನೆಗಳ ವಿಷಯದಲ್ಲಿ ಎರಡನೆಯ ಒಲವು ಅಪಾಯಕಾರಿ. ಉದ್ದವಾಗಿ, ಶೀರ್ಷಿಕೆ ಉಪಶೀರ್ಷಿಕೆಗಳೊಂದಿಗೆ ಸಿಂಗರಿಸಿಕೊಂಡ ಫೈಲು ತೀರ್ಪುಗಾರನಿಗೆ ಹಿಡಿಸುತ್ತದೆ. ಅದನ್ನು ಹೊತ್ತುಕೊಂಡು ಕೆಲಸ ಮಾಡಬೇಕಾದ ಏಜೆಂಟಿಗೆ ಅದೇ ಹೊರೆ. ಈ ಬಗೆಯ ಅಂಕಗಳನ್ನು ನಾನು ವ್ಯಾಕರಣ ಪರೀಕ್ಷೆಯಂತೆ ನೋಡುತ್ತೇನೆ. ವಿರೋಧಾಭಾಸ, ಸತ್ತ ಫೈಲಿನ ಹೆಸರು, ಈಗ ಇಲ್ಲದ ಕಮಾಂಡು ಇವನ್ನು ಹಿಡಿಯಲು ಸಾಕು. ಅದರಾಚೆಗೆ ಆ ಅಂಕಕ್ಕೆ ಬೆಲೆ ಕೊಡಬೇಕಾದ್ದಿಲ್ಲ.

ಎರಡನೆಯ ದಾರಿ, ಹೇಳಿದ್ದನ್ನು ಏಜೆಂಟ್ ಪಾಲಿಸಿತೇ ಎಂದು ನೋಡುವುದು. ಗೂಗಲ್‌ನವರು 2023ರ ನವೆಂಬರಿನಲ್ಲಿ ತಂದ ಐಎಫ್‌ಇವಾಲ್ ಇದಕ್ಕೆ ಬುನಾದಿ. ‘ಇಷ್ಟು ಪದಗಳಿಗಿಂತ ಹೆಚ್ಚಿರಲಿ’, ‘ಅಲ್ಪವಿರಾಮ ಬಳಸಬೇಡ’ ಎಂಬಂಥ, ಪ್ರೋಗ್ರಾಂ ಮೂಲಕವೇ ಪರೀಕ್ಷಿಸಬಲ್ಲ 25 ಬಗೆಯ ಸೂಚನೆಗಳನ್ನು ಅವರು ಆರಿಸಿಕೊಂಡರು. ತೀರ್ಪುಗಾರನ ಹಂಗೇ ಇಲ್ಲ. ಪಾಲಿಸಿದೆಯೋ ಇಲ್ಲವೋ, ಎರಡೇ ಉತ್ತರ. ಈ ಜಾಡಿನಲ್ಲಿ ಬಂದ ಐಎಫ್‌ಸ್ಕೇಲ್ ಎಂಬ 2025ರ ಪ್ರಯೋಗ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಸಲಕ್ಕೆ ಎಷ್ಟು ಸೂಚನೆಗಳನ್ನು ಹೇರಿದರೆ ಮಾಡೆಲ್ ಬಳಲುತ್ತದೆ ಎಂದು ನೋಡಿತು. ಒಂದು ವ್ಯಾಪಾರ ವರದಿ ಬರೆಯಬೇಕು, ಅದರಲ್ಲಿ ಇಂತಿಂಥ ಪದಗಳು ಇರಲೇಬೇಕು. ಪದಗಳ ಪಟ್ಟಿ ಹತ್ತರಿಂದ ಐನೂರಕ್ಕೆ ಏರಿದಾಗ ಅತ್ಯುತ್ತಮ ಮಾಡೆಲುಗಳೂ ಶೇ. 68ರ ಹತ್ತಿರ ನಿಂತವು. ಮೊದಮೊದಲು ಬಂದ ಸೂಚನೆಗಳಿಗೆ ಹೆಚ್ಚು ಗಮನ ಸಿಗುವುದೂ ಕಂಡುಬಂತು. ಉದ್ದನೆಯ ಪಠ್ಯದ ನಡುವೆ ಹುದುಗಿದ ಮಾಹಿತಿ ಮಾಡೆಲಿನ ಕೈಗೆ ಸಿಗದೆ ಹೋಗುತ್ತದೆ ಎಂಬುದು 2023ರಲ್ಲೇ ಬೇರೊಂದು ಪ್ರಬಂಧದಿಂದ ಗೊತ್ತಾಗಿತ್ತು. ಅಲ್ಲಿಗೆ, ಫೈಲಿಗೆ ಸೇರಿಸಿದ ಪ್ರತಿ ಹೊಸ ಸಾಲೂ ಉಳಿದ ಸಾಲುಗಳ ಪಾಲಿನ ಗಮನವನ್ನು ಅಷ್ಟಿಷ್ಟು ಕಸಿಯುತ್ತದೆ. ಇದನ್ನು ಒಪ್ಪಿಕೊಂಡರೆ ‘ಇರಲಿ ಬಿಡಿ, ಒಂದು ಸಾಲು ಹೆಚ್ಚಿದ್ದರೆ ನಷ್ಟವೇನು’ ಎಂಬ ವಾದ ನಿಲ್ಲುವುದಿಲ್ಲ.

ಪಾಲನೆಯನ್ನು ಅಳೆಯುವಾಗ ಏಜೆಂಟಿನ ಕೊನೆಯ ಉತ್ತರವಷ್ಟೇ ಸಾಲದು, ಅದು ನಡೆದ ಹಾದಿಯನ್ನೂ ಓದಬೇಕು. ಯಾವ ಫೈಲು ತೆರೆಯಿತು, ಯಾವ ಕಮಾಂಡು ಓಡಿಸಿತು, ಟೆಸ್ಟ್ ಬಿದ್ದಾಗ ಏನು ಮಾಡಿತು ಎಂಬುದೆಲ್ಲ ಲಾಗಿನಲ್ಲಿರುತ್ತದೆ. ಜ್ಯೂರಿಕ್ ಅಧ್ಯಯನದ ನಿಜವಾದ ಬೆಲೆ ಇರುವುದು ಇಲ್ಲಿ. ಸಂಶೋಧಕರು ಲಾಗುಗಳನ್ನು ಕೆದಕಿದಾಗ ಕಂಡದ್ದು, ಏಜೆಂಟುಗಳು ಸೂಚನೆಗಳನ್ನು ಉಪೇಕ್ಷಿಸಿರಲಿಲ್ಲ. ಪೈಥಾನ್ ಪ್ಯಾಕೇಜುಗಳನ್ನು ನಿಭಾಯಿಸುವ ‘ಯುವಿ’ ಎಂಬ ಸಾಧನದ ಹೆಸರು ಫೈಲಿನಲ್ಲಿದ್ದರೆ ಏಜೆಂಟ್ ಅದನ್ನು ಸರಾಸರಿ ಕೆಲಸವೊಂದಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಳಸಿತು. ಹೆಸರಿಲ್ಲದಿದ್ದರೆ ಹೆಚ್ಚುಕಡಿಮೆ ಅದರ ಗೊಡವೆಗೇ ಹೋಗಲಿಲ್ಲ. ಹೆಚ್ಚು ಟೆಸ್ಟ್ ಓಡಿಸು ಎಂದರೆ ಓಡಿಸಿತು, ಸುತ್ತಮುತ್ತಲಿನ ಫೈಲುಗಳನ್ನೂ ನೋಡು ಎಂದರೆ ನೋಡಿತು. ಇಷ್ಟು ವಿಧೇಯವಾಗಿ ನಡೆದೂ ಫಲಿತಾಂಶ ಹೆಚ್ಚೇನೂ ಮೇಲೇರಲಿಲ್ಲ. ಯಾಕೆಂದರೆ ಆ ಕೆಲಸಕ್ಕೆ ಬೇಕಿಲ್ಲದ ನಿಯಮಗಳನ್ನೂ ಅದು ಅಷ್ಟೇ ಶ್ರದ್ಧೆಯಿಂದ ಪಾಲಿಸಿತು.

ಹಾಗಾಗಿ ಸೂಚನೆಯ ಪಾಲನೆ ಮತ್ತು ಸೂಚನೆಯ ಗುಣ ಬೇರೆ ಬೇರೆ ಸಂಗತಿಗಳು. ಕೆಟ್ಟ ಸೂಚನೆಯನ್ನು ಪೂರ್ತಿ ಪಾಲಿಸಿದರೆ ಸಿಗುವುದು ಕೆಟ್ಟ ಕೆಲಸವೇ. ಪಾಲನೆಯ ಅಂಕವನ್ನು ಗುಣಮಟ್ಟದ ಅಂಕವೆಂದು ತೋರಿಸುವ ವರದಿಗಳ ಬಗ್ಗೆ ಓದುಗರು ಎಚ್ಚರ ವಹಿಸಬೇಕು.

ಉಳಿದದ್ದು ಮೂರನೆಯ ದಾರಿ. ಅದೇ ಕೆಲಸ, ಅದೇ ಮಾಡೆಲ್. ಸೂಚನೆ ಇಟ್ಟು ಒಮ್ಮೆ, ತೆಗೆದು ಒಮ್ಮೆ. ಫಲಿತಾಂಶದ ಅಂತರವೇ ಆ ಸೂಚನೆಯ ಬೆಲೆ. ಇದಕ್ಕೆ ಬೇಕಾದ ವೇದಿಕೆ 2023ರ ಅಕ್ಟೋಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಎಸ್‌ಡಬ್ಲ್ಯುಇ-ಬೆಂಚ್ ತಂದಾಗಿನಿಂದ ಇದೆ. ಜ್ಯಾಂಗೋ, ಸಿಂಪೈ, ಸೈಕಿಟ್-ಲರ್ನ್‌ನಂಥ 12 ಪೈಥಾನ್ ರೆಪೊಗಳಿಂದ 2,294 ನಿಜವಾದ ಸಮಸ್ಯೆಗಳು. ಮನುಷ್ಯರು ಅವನ್ನು ತಿದ್ದಿದಾಗ ಯಾವ ಟೆಸ್ಟುಗಳು ಪಾಸಾದವೋ ಅವೇ ಟೆಸ್ಟುಗಳು ಮಾಡೆಲಿನ ತಿದ್ದುಪಡಿಯಿಂದಲೂ ಪಾಸಾಗಬೇಕು. ಆಗ ಅತ್ಯುತ್ತಮವಾಗಿದ್ದ ಕ್ಲಾಡ್ 2 ಬಿಡಿಸಿದ್ದು ಶೇ. 1.96 ಮಾತ್ರ. ಮುಂದೆ ಓಪನ್‌ಎಐ 2024ರ ಆಗಸ್ಟಿನಲ್ಲಿ, ಎಂಜಿನಿಯರುಗಳ ಕೈಯಲ್ಲಿ ಒಂದೊಂದನ್ನೂ ಪರಿಶೀಲಿಸಿ 500 ಸಮಸ್ಯೆಗಳ ಸೋಸಿದ ಪಟ್ಟಿ ಮಾಡಿತು. ಅನೇಕ ಸಮಸ್ಯೆಗಳ ವಿವರಣೆಯೇ ಅರೆಬರೆಯಾಗಿತ್ತು, ಕೆಲವು ಟೆಸ್ಟುಗಳು ಸರಿಯಾದ ಉತ್ತರವನ್ನೂ ತಿರಸ್ಕರಿಸುತ್ತಿದ್ದವು ಎಂಬುದು ಆಗ ಬಯಲಾಯಿತು. ಅಳೆಯುವ ಕೋಲನ್ನೇ ಅಳೆಯಬೇಕಾಗಿ ಬಂದ ಪ್ರಸಂಗ ಅದು.

ಸೂಚನೆಗಳನ್ನು ಅಳೆಯಲು ಈ ಪಟ್ಟಿ ಇನ್ನೊಂದು ಕಾರಣಕ್ಕೆ ಅಷ್ಟು ಸರಿಹೊಂದುವುದಿಲ್ಲ. ಜ್ಯಾಂಗೋದಂಥ ಪ್ರಸಿದ್ಧ ಪ್ರಾಜೆಕ್ಟನ್ನು ಮಾಡೆಲುಗಳು ತರಬೇತಿಯಲ್ಲೇ ಅರೆದು ಕುಡಿದಿರುತ್ತವೆ. ಅಲ್ಲಿ ಹೊಸದಾಗಿ ಹೇಳುವಂಥದ್ದು ಕಡಿಮೆ. ಅದಕ್ಕೇ ಜ್ಯೂರಿಕ್‌ನವರು ಅಷ್ಟಾಗಿ ಹೆಸರಾಗದ, ಡೆವಲಪರುಗಳೇ ಸೂಚನೆಗಳ ಫೈಲು ಬರೆದಿಟ್ಟುಕೊಂಡ ರೆಪೊಗಳಿಂದ 138 ಕೆಲಸಗಳನ್ನು ಹೊಸದಾಗಿ ಕಟ್ಟಿದರು. ಅಲ್ಲಿ ಡೆವಲಪರುಗಳು ಬರೆದ ಫೈಲು ಸರಾಸರಿ ಶೇ. 4ರಷ್ಟು ನೆರವಾಯಿತು, ಮಾಡೆಲ್ ತಾನೇ ತಯಾರಿಸಿಕೊಂಡ ಫೈಲು ಫಲಿತಾಂಶವನ್ನು ಸ್ವಲ್ಪ ಕೆಳಗೆಳೆಯಿತು.

ಶೇ. 4 ಎಂದರೆ ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಅರ್ಧಕ್ಕರ್ಧ ಬಿಡಿಸುವ ಏಜೆಂಟಿಗೆ 50 ಕೆಲಸಗಳನ್ನು ಕೊಟ್ಟರೆ, ಬರೀ ಅದೃಷ್ಟದ ಏರಿಳಿತವೇ ಸುಮಾರು ಶೇ. 7. ಕೆಲಸಗಳು 138 ಆದರೂ ಅದು ಶೇ. 4ರ ಆಸುಪಾಸು. ಒಂದೇ ಕೆಲಸದ ಮೇಲೆ ಎರಡೂ ಬಗೆಯನ್ನು ಜೋಡಿಯಾಗಿ ಓಡಿಸುವುದರಿಂದ, ಹಲವು ಮಾಡೆಲುಗಳಲ್ಲಿ ಪುನರಾವರ್ತಿಸುವುದರಿಂದ ಈ ಏರಿಳಿತವನ್ನು ತಗ್ಗಿಸಬಹುದು, ಪೂರ್ತಿ ಅಳಿಸಲಾಗದು. ‘ನಮ್ಮ ಫೈಲಿಗೆ ಈ ಪ್ಯಾರಾ ಸೇರಿಸಿದೆವು, ಹತ್ತರಲ್ಲಿ ಎರಡು ಹೆಚ್ಚು ಪಾಸಾದವು’ ಎಂದು ಹೇಳುವವರು ನಾಣ್ಯ ಚಿಮ್ಮಿದ ಸುದ್ದಿಯನ್ನೇ ಹೇಳುತ್ತಿರಬಹುದು. ಮಾಡೆಲುಗಳ ಚಂಚಲತೆಯೂ ಅಷ್ಟಿದೆ. ಪ್ರಾಂಪ್ಟಿನ ಅರ್ಥ ಒಂದಿಷ್ಟೂ ಬದಲಾಗದೆ, ಬಿಡುಜಾಗ, ವಿವರಣ ಚಿಹ್ನೆ, ದೊಡ್ಡಕ್ಷರ ಸಣ್ಣಕ್ಷರಗಳಷ್ಟೇ ಬದಲಾದಾಗ, ಲಾಮಾ-2ರ ಒಂದು ಮಾಡೆಲಿನ ನಿಖರತೆ ಕೆಲವು ಕೆಲಸಗಳಲ್ಲಿ 76 ಅಂಕಗಳವರೆಗೆ ಹೊಯ್ದಾಡಿದ್ದನ್ನು 2023ರ ಒಂದು ಅಧ್ಯಯನ ದಾಖಲಿಸಿದೆ. ಹೊಸ ಮಾಡೆಲುಗಳು ಇಷ್ಟು ದುರ್ಬಲವಲ್ಲ. ಆದರೂ ಒಂದೇ ಓಟ ನೋಡಿ ತೀರ್ಪು ಹೇಳುವವರ ಮಾತನ್ನು ನಂಬುವುದು ಕಷ್ಟ.

ಜ್ಯೂರಿಕ್ ಅಧ್ಯಯನದ ಒಂದು ಉಪಪ್ರಯೋಗ ನನಗೆ ಇಡೀ ಚರ್ಚೆಯ ಕೀಲಿಯೆನಿಸುತ್ತದೆ. ರೆಪೊದಲ್ಲಿದ್ದ ಉಳಿದ ದಾಖಲೆಗಳನ್ನೆಲ್ಲ ತೆಗೆದುಹಾಕಿ, ಮಾಡೆಲ್ ಮೊದಲೇ ತಯಾರಿಸಿಟ್ಟ ಫೈಲೊಂದನ್ನು ಮಾತ್ರ ಬಿಟ್ಟು ಓಡಿಸಿದಾಗ, ಮೊದಲು ಕೆಳಗೆಳೆದಿದ್ದ ಅದೇ ಬಗೆಯ ಫೈಲು ಈಗ ನೆರವಿಗೆ ಬಂತು. ಅಂದರೆ ಅದರ ತಪ್ಪು ಬರವಣಿಗೆಯಲ್ಲಿರಲಿಲ್ಲ. ಏಜೆಂಟ್ ತಾನೇ ಒಂದು ನಿಮಿಷದಲ್ಲಿ ಕಂಡುಕೊಳ್ಳಬಲ್ಲದ್ದನ್ನು ಅದು ಮತ್ತೆ ಹೇಳುತ್ತಿತ್ತು, ಅಷ್ಟೇ. ಊರಿಗೆ ಹೊಸದಾಗಿ ಬಂದವರಿಗೆ ಬಸ್‌ಸ್ಟ್ಯಾಂಡ್ ಎದುರೇ ನಿಲ್ಲಿಸಿ ‘ಇದು ಬಸ್‌ಸ್ಟ್ಯಾಂಡ್’ ಎಂದು ಹೇಳಬೇಕಿಲ್ಲ. ಕೊನೆಯ ಬಸ್ಸು ಬೋರ್ಡಿನಲ್ಲಿ ಬರೆದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಹೊರಟುಬಿಡುತ್ತದೆ ಎಂಬುದನ್ನು ಹೇಳಬೇಕು.

ಈ ಕಣ್ಣಿನಿಂದ ನೋಡಿದರೆ ಉಳಿದ ಪ್ರಯೋಗಗಳೂ ಒಂದಕ್ಕೊಂದು ಹೊಂದುತ್ತವೆ. ವರ್ಸೆಲ್ ಕಂಪನಿ 2026ರ ಜನವರಿಯಲ್ಲಿ ತನ್ನ ನೆಕ್ಸ್ಟ್.ಜೆಎಸ್ 16ರ ಹೊಸ ಎಪಿಐಗಳ ಮೇಲೆ ಏಜೆಂಟನ್ನು ಪರೀಕ್ಷಿಸಿತು. ಮಾಡೆಲುಗಳ ತರಬೇತಿ ಮುಗಿದ ಮೇಲೆ ಬಂದ ಎಪಿಐಗಳು ಅವು. ಏನನ್ನೂ ಕೊಡದಿದ್ದಾಗ ಶೇ. 53 ಪಾಸು. ದಾಖಲೆಗಳನ್ನು ಸ್ಕಿಲ್ ಆಗಿ ಕೊಟ್ಟರೂ ಅದೇ 53, ಯಾಕೆಂದರೆ ಶೇ. 56 ಸಂದರ್ಭಗಳಲ್ಲಿ ಏಜೆಂಟ್ ಆ ಸ್ಕಿಲ್ ತೆರೆದೇ ನೋಡಲಿಲ್ಲ. ತೆರೆದು ನೋಡು ಎಂದು ಬಿಡಿಸಿ ಹೇಳಿದಾಗ 79ಕ್ಕೆ ಏರಿತು. ಎಂಟು ಕಿಲೋಬೈಟಿನ ಒಂದು ಅಡಕವಾದ ಸೂಚಿಯನ್ನು ಏಜೆಂಟ್ಸ್.ಎಂಡಿಯಲ್ಲೇ ಇಟ್ಟಾಗ ನೂರಕ್ಕೆ ನೂರು. ಕಂಪನಿಯೊಂದು ತನ್ನದೇ ಉತ್ಪನ್ನದ ಮೇಲೆ ತಾನೇ ಮಾಡಿದ ಪರೀಕ್ಷೆ ಎಂಬುದನ್ನು ಮರೆಯಬಾರದು. ಆದರೂ ಎರಡು ಪಾಠ ಸ್ಪಷ್ಟ. ಮಾಡೆಲಿಗೆ ಗೊತ್ತೇ ಇಲ್ಲದ ಸಂಗತಿಯನ್ನು ಹೇಳಿದರೆ ಲಾಭ ದೊಡ್ಡದು. ಎಷ್ಟೇ ಒಳ್ಳೆಯ ಸೂಚನೆಯಾದರೂ ಓದಿಸಿಕೊಳ್ಳದಿದ್ದರೆ ಅದರ ಗುಣ ಸೊನ್ನೆ. ಸ್ಕಿಲ್‌ಗಳ ವಿಷಯದಲ್ಲಿ ಒಳಗಿನ ಇಪ್ಪತ್ತು ಪುಟಕ್ಕಿಂತ ಹೊರಗಿನ ಎರಡು ಸಾಲಿನ ವಿವರಣೆಯನ್ನು ಮೊದಲು ಪರೀಕ್ಷಿಸಬೇಕು.

2026ರ ಫೆಬ್ರುವರಿಯಲ್ಲೇ ಬಂದ ಸ್ಕಿಲ್ಸ್‌ಬೆಂಚ್ ಇದನ್ನು ಇನ್ನಷ್ಟು ಅಗಲವಾಗಿ ನೋಡಿತು. ಅದು ತೆಗೆದುಕೊಂಡದ್ದು 11 ಕ್ಷೇತ್ರಗಳ 84 ಕೆಲಸಗಳನ್ನು. ಮನುಷ್ಯರು ಆರಿಸಿ ತಿದ್ದಿದ ಸ್ಕಿಲ್‌ಗಳು ಪಾಸಾಗುವ ಪ್ರಮಾಣವನ್ನು ಸರಾಸರಿ 16.2 ಅಂಕ ಏರಿಸಿದವು. ಆದರೆ ಸರಾಸರಿಯ ಹಿಂದೆ ಅಡಗಿರುವುದು ಬೇರೆಯೇ ಕಥೆ: ಆರೋಗ್ಯ ಕ್ಷೇತ್ರದಲ್ಲಿ 51.9 ಅಂಕದ ಏರಿಕೆ, ಸಾಫ್ಟ್‌ವೇರ್ ಎಂಜಿನಿಯರಿಂಗಿನಲ್ಲಿ ಬರೀ 4.5. ಕೋಡ್ ಬರೆಯುವುದು ಮಾಡೆಲಿಗೆ ಚೆನ್ನಾಗಿ ಗೊತ್ತು. ಅದರ ಬಗ್ಗೆ ಉಪದೇಶಿಸಿ ಸಿಗುವುದು ಕಡಿಮೆ. 16 ಕೆಲಸಗಳಲ್ಲಿ ಸ್ಕಿಲ್ ಇದ್ದದ್ದೇ ತೊಡಕಾಯಿತು. ಮಾಡೆಲ್ ತನಗೆ ತಾನೇ ಬರೆದುಕೊಂಡ ಸ್ಕಿಲ್‌ನಿಂದ ಸರಾಸರಿಯಲ್ಲಿ ಏನೂ ಪ್ರಯೋಜನವಾಗಲಿಲ್ಲ. ತನಗೆ ಗೊತ್ತಿರುವುದನ್ನೇ ತನಗೆ ಹೇಳಿಕೊಂಡರೆ ಇನ್ನೇನಾದೀತು?

ಬೆಂಗಳೂರಿನಂಥ ಊರಿನ ಸಾಫ್ಟ್‌ವೇರ್ ಜಗತ್ತಿಗೆ ಈ ಅಂಶ ಹತ್ತಿರದ್ದು. ಇಲ್ಲಿನ ದೊಡ್ಡ ಪಾಲಿನ ಕೆಲಸ, ಇನ್ಯಾರೋ ಎಂದೋ ಬರೆದ ಹಳೆಯ ಕೋಡನ್ನು ನಿರ್ವಹಿಸುವುದು. ಯಾವ ಬ್ಯಾಚ್ ಜಾಬ್ ರಾತ್ರಿ ಎಷ್ಟು ಹೊತ್ತಿಗೆ ಓಡುತ್ತದೆ, ಯಾವ ಕಾಲಮ್ಮಿನ ಹೆಸರು ಒಂದು, ಅರ್ಥ ಇನ್ನೊಂದು, ಯಾವ ಗ್ರಾಹಕನಿಗಾಗಿ ಆ ವಿಚಿತ್ರ ಷರತ್ತು ಸೇರಿಸಿದ್ದು ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಹತ್ತು ವರ್ಷದಿಂದ ಅದೇ ಪ್ರಾಜೆಕ್ಟಿನಲ್ಲಿರುವ ಒಬ್ಬಿಬ್ಬರ ತಲೆಯಲ್ಲಿರುತ್ತದೆ. ಇಂಥ ಕಡೆ ಒಂದು ಪುಟದ ಸೂಚನೆ, ಸಾರ್ವಜನಿಕ ರೆಪೊಗಳ ಪ್ರಯೋಗಗಳು ತೋರಿಸಿದ್ದಕ್ಕಿಂತ ಹೆಚ್ಚು ದುಡಿಯುತ್ತದೆ ಎಂದು ನನ್ನ ಅಂದಾಜು. ಅದನ್ನು ಬರೆಯಬೇಕಾದವರು ಆ ಒಬ್ಬಿಬ್ಬರೇ ಹೊರತು ಏಜೆಂಟ್ ಅಲ್ಲ.

ಅದನ್ನು ಕನ್ನಡದಲ್ಲೇ ಬರೆಯಬಹುದೇ? ಬರೆಯಬಹುದು, ಮಾಡೆಲುಗಳಿಗೆ ಅರ್ಥವಾಗುತ್ತದೆ. ಖರ್ಚು ಮಾತ್ರ ಬೇರೆ. ನಮ್ಮ ಲಿಪಿಗಳ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್‌ಗಳಾಗಿ ಒಡೆಯುತ್ತದೆ. 2024ರ ಮೇನಲ್ಲಿ ಓಪನ್‌ಎಐ ಹೊಸ ಟೋಕನೈಸರ್ ತಂದಾಗ ತೆಲುಗಿನ ಮಾದರಿ ವಾಕ್ಯಗಳ ಟೋಕನ್‌ಗಳು ಮೂರೂವರೆ ಪಟ್ಟು ತಗ್ಗಿದವೆಂದು ಹೇಳಿಕೊಂಡಿತ್ತು. ಅದಕ್ಕೆ ಮೊದಲು ಎಷ್ಟು ದಂಡ ತೆರುತ್ತಿದ್ದೆವು ಎಂಬುದನ್ನು ಅದರಿಂದಲೇ ಊಹಿಸಬಹುದು. ಈ ಲೇಖನದಲ್ಲಿ ಹೇಳಿದ ಪ್ರಯೋಗಗಳು ಮುಖ್ಯವಾಗಿ ಇಂಗ್ಲಿಷ್ ಸೂಚನೆಗಳ ಮೇಲೆ ನಡೆದವು. ಕನ್ನಡದ ಸೂಚನೆಗೆ ಅವೇ ಅಂಕಿಗಳು ಅನ್ವಯಿಸುತ್ತವೆಂದು ಭಾವಿಸುವಂತಿಲ್ಲ.

ಇನ್ನು ಒಂದು ಜಾತಿಯ ಸೂಚನೆಗಳಿವೆ, ಅವನ್ನು ಸೂಚನೆಯಾಗಿ ಬರೆದದ್ದೇ ದೋಷ. 2025ರ ಜುಲೈನಲ್ಲಿ ರೆಪ್ಲಿಟ್ ವೇದಿಕೆಯ ಏಜೆಂಟ್ ಒಂದು ಪ್ರಯೋಗದ ನಡುವೆ ಬಳಕೆದಾರರೊಬ್ಬರ ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿಹಾಕಿತು. ಕೋಡನ್ನು ಮುಟ್ಟಬೇಡ ಎಂದು ಆ ಬಳಕೆದಾರರು ಮತ್ತೆ ಮತ್ತೆ, ದೊಡ್ಡಕ್ಷರಗಳಲ್ಲೂ ಬರೆದಿದ್ದರು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ ತಂದ ಪರಿಹಾರವನ್ನು ಗಮನಿಸಬೇಕು: ಅವರು ಇನ್ನೂ ದೊಡ್ಡ ಅಕ್ಷರದ ಎಚ್ಚರಿಕೆಯನ್ನು ಬರೆಯಲಿಲ್ಲ, ಅಭಿವೃದ್ಧಿಯ ಡೇಟಾಬೇಸು ಮತ್ತು ಚಾಲ್ತಿಯ ಡೇಟಾಬೇಸನ್ನು ಬೇರ್ಪಡಿಸಿದರು. ಒಂದೇ ಒಂದು ಸಲವೂ ತಪ್ಪಬಾರದ ನಿಯಮಕ್ಕೆ ಶೇ. 99 ಪಾಲನೆ ಎಂಬುದು ಅನುತ್ತೀರ್ಣ ಅಂಕ. ಅನುಮತಿ, ಹುಕ್, ಲಿಂಟರ್, ಸಿಐ ಇವು ಇರುವುದೇ ಅದಕ್ಕೆ. ಇಂಡೆಂಟ್ ಎಷ್ಟಿರಬೇಕು ಎಂಬುದನ್ನು ಫಾರ್ಮ್ಯಾಟರ್ ಒಂದು ಕ್ಷಣದಲ್ಲಿ ಸರಿಮಾಡುವಾಗ ಅದಕ್ಕೆ ಎರಡು ಪ್ಯಾರಾ ಖರ್ಚು ಮಾಡಿದ ಫೈಲು ಕಂಡರೆ ಮರುಕವಾಗುತ್ತದೆ. ‘ಟೆಸ್ಟುಗಳನ್ನು ತಿದ್ದಿ ಪಾಸು ಮಾಡಬೇಡ’ ಎಂಬ ಸಾಲೂ ಹಾಗೆಯೇ: ಬರೆಯಿರಿ, ಜೊತೆಗೆ ಟೆಸ್ಟ್ ಫೈಲುಗಳಿಗೆ ಬರೆಯುವ ಅನುಮತಿಯನ್ನೂ ತೆಗೆಯಿರಿ.

ಸೂಚನೆಗಳ ಫೈಲು ದಾಳಿಯ ಬಾಗಿಲೂ ಹೌದು. 2025ರ ಮಾರ್ಚಿನಲ್ಲಿ ಪಿಲ್ಲರ್ ಸೆಕ್ಯುರಿಟಿ ಎಂಬ ಸಂಸ್ಥೆ, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರಗಳನ್ನು ರೂಲ್ಸ್ ಫೈಲಿನಲ್ಲಿ ಹುದುಗಿಸಿ ಏಜೆಂಟಿನಿಂದ ದುರುದ್ದೇಶದ ಕೋಡ್ ಬರೆಸಬಹುದೆಂದು ಕರ್ಸರ್ ಮತ್ತು ಕೋಪೈಲಟ್‌ಗಳಲ್ಲಿ ತೋರಿಸಿತು. ಪರಿಶೀಲಿಸುವ ಮನುಷ್ಯನಿಗೆ ಆ ಫೈಲು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಸ್ಕಿಲ್ ಬೆಂಚ್‌ಮಾರ್ಕಿನಲ್ಲಿ ಒಳ್ಳೆಯ ಅಂಕ ತೆಗೆದ ಮಾತ್ರಕ್ಕೆ ಅದನ್ನು ಒಳಗೆ ಬಿಟ್ಟುಕೊಳ್ಳುವುದು ಜಾಣತನವಲ್ಲ.

ಟೆಸ್ಟ್ ಪಾಸಾಗುವುದೇ ಎಲ್ಲವೂ ಅಲ್ಲ ಎಂಬ ಆಕ್ಷೇಪ ಇದ್ದೇ ಇದೆ, ಅದು ಸರಿಯಾದದ್ದೂ ಹೌದು. ತಂಡಗಳು ಸೂಚನೆ ಬರೆಯುವುದು ಬಹಳ ಸಲ ಪಾಸಾಗುವ ಪ್ರಮಾಣ ಹೆಚ್ಚಿಸಲು ಅಲ್ಲ. ಬಂದ ಕೋಡ್ ತಮ್ಮ ಕೋಡಿನಂತೆ ಕಾಣಲಿ, ರಿವ್ಯೂ ಮಾಡುವವರಿಗೆ ತಲೆನೋವು ಕಡಿಮೆಯಾಗಲಿ ಎಂದು. ಮೇಲೆ ಹೇಳಿದ ಬೆಂಚ್‌ಮಾರ್ಕುಗಳು ಇದನ್ನು ಅಳೆಯುವುದಿಲ್ಲ. ಇದಕ್ಕೆ ಬಳಸುವವರ ಅನಿಸಿಕೆಯನ್ನು ನೆಚ್ಚೋಣವೆಂದರೆ ಅಲ್ಲೂ ಅಡ್ಡಿ ಇದೆ. ಎಂಇಟಿಆರ್ ಎಂಬ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ರೆಪೊಗಳಲ್ಲಿ ಪಳಗಿದ 16 ಡೆವಲಪರುಗಳು 246 ಕೆಲಸಗಳನ್ನು ಮಾಡಿದರು. ಎಐ ಬಳಸಿದಾಗ ತಮ್ಮ ಕೆಲಸ ಶೇ. 20ರಷ್ಟು ಬೇಗ ಆಯಿತೆಂದು ಅವರು ಕೊನೆಗೂ ನಂಬಿದ್ದರು. ಗಡಿಯಾರದ ಪ್ರಕಾರ ಶೇ. 19ರಷ್ಟು ತಡವಾಗಿತ್ತು. ‘ಈ ಫೈಲು ಹಾಕಿದ ಮೇಲೆ ಏಜೆಂಟ್ ಬಹಳ ಸುಧಾರಿಸಿದೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈ ಅಂತರವನ್ನು ನೆನೆಯಬೇಕಾಗುತ್ತದೆ. ಅನಿಸಿಕೆಗಿಂತ ರಿವ್ಯೂನಲ್ಲಿ ಬಂದ ಆಕ್ಷೇಪಗಳನ್ನು ಎಣಿಸುವುದು ಮೇಲು: ಯಾವ ಬಗೆಯ ಆಕ್ಷೇಪವನ್ನು ತಡೆಯಲೆಂದು ಒಂದು ಸಾಲು ಬರೆದಿರೋ, ಆ ಬಗೆಯದು ಕಡಿಮೆಯಾಯಿತೇ ಎಂದು ನೋಡಿದರೆ ಸಾಕು.

ದೊಡ್ಡ ಪ್ರಯೋಗಾಲಯವಿಲ್ಲದ ತಂಡವೂ ಇಷ್ಟನ್ನು ಮಾಡಬಹುದು. ತಮ್ಮದೇ ರೆಪೊದಲ್ಲಿ ಈಗಾಗಲೇ ಮುಗಿದ ಮೂವತ್ತು ನಲವತ್ತು ಬಗ್‌ಗಳನ್ನು, ಅವುಗಳ ಟೆಸ್ಟ್ ಸಮೇತ ಆರಿಸಿಡುವುದು. ಪ್ರತಿಯೊಂದನ್ನೂ ಫೈಲಿನೊಂದಿಗೆ, ಫೈಲಿಲ್ಲದೆ, ಹಲವು ಸಲ ಓಡಿಸುವುದು. ಪಾಸು-ಫೇಲಿನ ಜೊತೆಗೆ ಟೋಕನ್ ಖರ್ಚನ್ನೂ ಬರೆದುಕೊಳ್ಳುವುದು. ಆಮೇಲೆ ಒಂದೊಂದೇ ಭಾಗವನ್ನು ತೆಗೆದು ಮತ್ತೆ ಓಡಿಸುವುದು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಶೇ. 5ರ ವ್ಯತ್ಯಾಸ ಕಾಣುವುದಿಲ್ಲ, ನಿಜ. ಆದರೆ ತೆಗೆದರೂ ಏನೂ ಕೆಡದ ಭಾಗಗಳು ಕಾಣುತ್ತವೆ, ಮತ್ತು ಲಾಗುಗಳನ್ನು ಓದುವಾಗ ಏಜೆಂಟ್ ಯಾವ ಸಾಲಿನಿಂದಾಗಿ ಅಡ್ಡದಾರಿ ಹಿಡಿಯಿತು ಎಂಬುದು ಎದ್ದು ತೋರುತ್ತದೆ. ಹೊಸ ಸಾಲು ಸೇರಿಸುವಾಗ ಯಾವ ತಪ್ಪಿಗಾಗಿ, ಯಾವಾಗ ಸೇರಿಸಿದ್ದು ಎಂಬುದನ್ನು ಕಮಿಟ್ ಸಂದೇಶದಲ್ಲಿ ಬರೆದಿಟ್ಟರೆ, ಮುಂದೆ ತೆಗೆಯುವವರು ಅಂಜಬೇಕಿಲ್ಲ.

ಮಾಡೆಲ್ ಬದಲಾದಾಗ ಇದನ್ನೆಲ್ಲ ಮತ್ತೆ ಮಾಡಬೇಕು ಎಂಬುದೇ ಇದರಲ್ಲಿನ ಬೇಸರದ ಭಾಗ. ಹಳೆಯ ಮಾಡೆಲುಗಳು ಮಾತು ಕೇಳುತ್ತಿರಲಿಲ್ಲವೆಂದು ಜನ ‘ಅತಿ ಮುಖ್ಯ’, ‘ಈ ಸಾಧನವನ್ನು ಕಡ್ಡಾಯವಾಗಿ ಬಳಸಲೇಬೇಕು’ ಎಂದು ಕೂಗಿ ಬರೆಯುವುದನ್ನು ರೂಢಿಸಿಕೊಂಡರು. ಕ್ಲಾಡ್ ಓಪಸ್ 4.5 ಬಂದಾಗ ಆಂತ್ರೊಪಿಕ್ ತನ್ನ ಮಾರ್ಗದರ್ಶಿಯಲ್ಲಿ ಅಂಥ ಕೂಗನ್ನು ತಗ್ಗಿಸಿ ಎಂದು ಹೇಳಬೇಕಾಯಿತು. ಹೊಸ ಮಾಡೆಲ್ ಸೂಚನೆಗಳಿಗೆ ಹೆಚ್ಚು ಸ್ಪಂದಿಸುವುದರಿಂದ, ಬೇಡದ ಕಡೆಯಲ್ಲೂ ಆ ಸಾಧನವನ್ನು ಬಳಸುವ ಸಾಧ್ಯತೆಯಿತ್ತು. ‘ಇಂಥ ಸಂದರ್ಭದಲ್ಲಿ ಇದನ್ನು ಬಳಸು’ ಎಂದಷ್ಟೇ ಬರೆದರೆ ಸಾಕೆಂಬುದು ಆ ಮಾರ್ಗದರ್ಶಿಯ ಸಲಹೆ.